ರಕ್ತವಿಲ್ಲದ ಮರಿಗಳ ಗುಂಪು

ಹೆಬ್ಬಾಳದಿಂದ ಯಲಹಂಕದ ಕಡೆಗೆ ಮೇಲ್ಸೇತುವೆ ಕಟ್ಟುತ್ತಿದ್ದ ಕಾಲ. ವಿದ್ಯಾರಣ್ಯಪುರದಿಂದ ಎರಡು ಬಸ್ಸು ಹಿಡಿದು, ಧೂಳು ಕುಡಿದು ಲ್ಯಾಬ್ ಸೇರುವಷ್ಟರಲ್ಲಿ ನನ್ನ ಅರ್ಧ ಸಿಟ್ಟು ಖರ್ಚಾಗಿರುತ್ತಿತ್ತು. ಉಳಿದರ್ಧ ಗೈಡ್‌ಗೆ ಮೀಸಲು.

ನನ್ನ ಪಿಎಚ್‌ಡಿ ಒಂದು ಜೀನಿನ ಮೇಲೆ ನಿಂತಿತ್ತು. ಜೀಬ್ರಾ ಮೀನಿನ ಭ್ರೂಣದಲ್ಲಿ ಅದು ಪಕ್ಕದ ಕೋಶಗಳಿಗೆ ‘ನೀವು ರಕ್ತವಾಗಿ’ ಎಂದು ಸುದ್ದಿ ಮುಟ್ಟಿಸುತ್ತದೆ ಎಂಬುದು ನನ್ನ ವಾದ. ಮೊಟ್ಟೆಗೆ ಸೂಜಿ ಚುಚ್ಚಿ ಆ ಜೀನಿನ ಬಾಯಿ ಕಟ್ಟಿದರೆ, ಎರಡನೇ ದಿನ ಮರಿಯ ಗಾಜಿನಂಥ ಮೈಯಲ್ಲಿ ಹರಿಯಬೇಕಾದ ಕೆಂಪು ಕಾಣುತ್ತಿರಲಿಲ್ಲ. ಗೈಡ್ ಒಪ್ಪುತ್ತಿರಲಿಲ್ಲ. “ಜೀನ್ ಅಲ್ಲಮ್ಮ, ನಿನ್ನ ಕೈ. ಚುಚ್ಚಿ ಚುಚ್ಚಿ ಹಾಳ್ಮಾಡ್ತಿದ್ದೀಯ,” ಎನ್ನುತ್ತಿದ್ದರು. ಅದೇ ನಿಜವಾದರೆ ನನ್ನ ಮೂರು ವರ್ಷ ನೀರಲ್ಲಿ ಮಾಡಿದ ಹೋಮ.

ಅಪ್ಪನ ಮುಂದೆ ಗೋಳಾಡಿದೆ. ಅವರು ಜಾಲಹಳ್ಳಿಯ ಕಾರ್ಖಾನೆಯೊಂದರಲ್ಲಿ ಬಿಡಿಭಾಗಗಳ ತಪಾಸಣೆ ಮಾಡಿ ನಿವೃತ್ತರಾದವರು. “ರಕ್ತ ಇರೋವೆಷ್ಟು, ಇಲ್ಲದವೆಷ್ಟು ಅಂತ ಎಣಿಸೋರು ಯಾರು?” ಎಂದರು. ನಾನೇ ಎಂದೆ.

“ಮಾಡಿದವ್ರೇ ಪಾಸ್ ಮಾಡೋ ಹಾಗಿಲ್ಲ ಕಣೇ. ನಮ್ಮಲ್ಲಾಗಿದ್ರೆ ಆ ಪೀಸು ಗೇಟೇ ದಾಟ್ತಿರ್ಲಿಲ್ಲ.”

ಮುಂದಿನ ಸಲ ಮರಿಗಳಿದ್ದ ತಟ್ಟೆಗಳ ಮೇಲಿನ ಗುರುತಿಗೆ ಟೇಪು ಅಂಟಿಸಿ, ಮೀನಿನ ಕೋಣೆ ನೋಡಿಕೊಳ್ಳುತ್ತಿದ್ದ ಶೆಟ್ಟಿಹಳ್ಳಿಯ ಅಕ್ಕನ ಮುಂದಿಟ್ಟೆ. ಜೀನ್ ತಡೆದ ತಟ್ಟೆ ಯಾವುದು, ಹೋಲಿಕೆಗೆಂದು ಬರೀ ಬಣ್ಣದ ನೀರು ಚುಚ್ಚಿದ್ದು ಯಾವುದು, ಅವರಿಗೆ ತಿಳಿಯದು. ಆದರೆ ದಿನವೂ ಸೂಕ್ಷ್ಮದರ್ಶಕದಡಿ ಸತ್ತ ಮೊಟ್ಟೆಗಳನ್ನು ಅಕ್ಕಿಯ ಕಲ್ಲಿನಂತೆ ಆರಿಸಿದ ಕಣ್ಣು ಅದು. ರಕ್ತ ಇರುವವು ಒಂದು ಕಡೆ, ಇಲ್ಲದವು ಒಂದು ಕಡೆ ಮಾಡಿ ಎಂದೆ. ಅವರು ಪ್ರತಿ ತಟ್ಟೆಯಲ್ಲೂ ಮೂರು ಗುಂಪು ಹುಡುಕತೊಡಗಿದರು. ನಾನು ಸಿಡುಕಿದೆ.

“ಸಿಟ್ಯಾಕೆ ತಾಯಿ? ಇವಕ್ಕೆ ರಕ್ತ ಐತೆ, ಓಡ್ತಿಲ್ಲ. ಇಂಗೆ ಒಂದ್ಕಡೆ ನಿಂತ್ಬಿಟ್ಟೈತೆ, ಎದೆ ಬಡ್ಕೊಳ್ಳೋದೂ ನಿಧಾನ. ಈ ಕಡೇವಕ್ಕೆ ಎದೆ ಚೆನ್ನಾಗೇ ಬಡ್ಕೊಂತೈತೆ, ರಕ್ತಾನೇ ಇಲ್ಲ.”

ಅಲ್ಲಿಯವರೆಗೆ ಎರಡನ್ನೂ ನಾನು ‘ರಕ್ತವಿಲ್ಲ’ ಎಂದೇ ಬರೆದುಕೊಂಡಿದ್ದೆ. ನಾಚಿಕೆಯಾಯಿತು. ಟೇಪು ಕಿತ್ತು ನೋಡಿದರೆ, ರಕ್ತ ನಿಂತುಹೋದ ಮರಿಗಳು ಎಲ್ಲ ತಟ್ಟೆಗಳಲ್ಲೂ ಕೆಲವು ಇದ್ದವು. ಅದು ನನ್ನ ಸೂಜಿಯ ಪಾಪ. ರಕ್ತವೇ ಇಲ್ಲದವು ಜೀನ್ ತಡೆದ ತಟ್ಟೆಗಳಲ್ಲಿ ಮಾತ್ರ.

ಗೈಡ್ ಸುಲಭಕ್ಕೆ ನಂಬುವವರಲ್ಲ. ಟೇಪು ಮತ್ತೆ ಅಂಟಿಸಿ, ತಟ್ಟೆಗಳನ್ನು ಅದಲುಬದಲು ಮಾಡಿ, ಸ್ಟೂಲು ಎಳೆದುಕೊಂಡು ತಾವೇ ಎಣಿಸಲು ಕೂತರು. ಒಂದು ಮರಿಯನ್ನು ‘ರಕ್ತವಿಲ್ಲ’ ಗುಂಪಿಗೆ ಸೇರಿಸಲು ಹೋದಾಗ ಅಕ್ಕ ಮೆಲ್ಲಗೆ, “ಬಾಲದ ತಾವ ನೋಡಿ ಸಾರ್, ಕೆಂಪೈತೆ,” ಎಂದರು. ಗೈಡ್ ಮತ್ತೆ ಬಗ್ಗಿದರು. ಅದನ್ನು ರಕ್ತ ನಿಂತವುಗಳ ಗುಂಪಿಗೆ ಹಾಕಿದರು. ನನಗೆ ಎದೆಯುಬ್ಬಿತು, ಮುಚ್ಚಿಡುವುದೇನು.

ಕೊನೆಗೆ ಟೇಪು ಕಿತ್ತಾಗ, ರಕ್ತವೇ ಇಲ್ಲದವು ಮತ್ತೆ ಜೀನ್ ತಡೆದ ತಟ್ಟೆಗಳಲ್ಲೇ ಇದ್ದವು. “ಜೀನಿಂದೇ ಕೆಲಸ. ಬರ್ಕೋ,” ಎಂದರು.

ಬರೆದೆ. ಲ್ಯಾಬ್ ಪುಸ್ತಕದ ‘ಎಣಿಸಿದವರು’ ಎಂಬಲ್ಲಿಗೆ ಬಂದಾಗ ಪೆನ್ನನ್ನು ಅಕ್ಕನ ಕೈಗೆ ಕೊಟ್ಟೆ. ಅವರು ಸೆರಗಿಗೆ ಕೈ ಒರೆಸಿಕೊಂಡು, ಒಂದೊಂದೇ ಅಕ್ಷರ ಬಿಡಿಸಿ ಸಹಿ ಹಾಕಿದರು. ಅದರ ಕೆಳಗೆ ಗೈಡ್ ತಮ್ಮದನ್ನು ಹಾಕಿದರು.