ರಾಜಣ್ಣನ ಐದನೆಯ ಲೆಗ್

ರಾಜಣ್ಣ ಮ್ಯಾಚ್ ನೋಡುವಾಗ ಕೂರುತ್ತಿರಲಿಲ್ಲ. ಸಿಡ್ನಿಯ ಸ್ಕೋಫೀಲ್ಡ್ಸಿನಲ್ಲಿ ನಮ್ಮ ಮನೆಯ ಹಿಂದಿನ ಗ್ರಾನಿ ಫ್ಲಾಟ್ ಎಂಬ ಪುಟ್ಟ ಮನೆಯಲ್ಲಿ ಅವರು ಬಾಡಿಗೆಗಿದ್ದರು. ಅಲ್ಲೊಂದು ಒಳ್ಳೆಯ ಸೋಫಾ ಇತ್ತು, ನಾವೇ ಹಾಕಿಸಿದ್ದು. ಆದರೆ ಭಾನುವಾರ ಮಧ್ಯಾಹ್ನ ನಾನು ಬಟ್ಟೆ ಒಣಹಾಕಲು ಹಿತ್ತಲಿಗೆ ಹೋದಾಗ ಕಿಟಕಿಯಲ್ಲಿ ಕಾಣುತ್ತಿದ್ದುದು, ಎಡಗೈಯಲ್ಲಿ ಮುದ್ದೆಯ ತಟ್ಟೆ ಹಿಡಿದು, ತುತ್ತು ಮುರಿಯುವುದನ್ನೇ ಮರೆತು, ಸೀಟು ಸಿಗದ ಬಸ್ ಪ್ರಯಾಣಿಕರಂತೆ ಟಿವಿಯ ಮುಂದೆ ನಿಂತ ರಾಜಣ್ಣ.

"ಕೂತ್ಕೊಳ್ಳಿ ರಾಜಣ್ಣ, ಸೋಫಾದಲ್ಲೇನು ಮುಳ್ಳಿದೆಯಾ?" ಎಂದರೆ, "ಹುಡುಗ್ರು ಅಲ್ಲಿ ಎದ್ದು ಬಿದ್ದು ಓಡ್ತಾವ್ರೆ, ನಾನ್ ಇಲ್ಲಿ ಕೂತ್ಕಂಡ್ರೆ ಚೆಂದಾಗಿರ್ತದಾ ಯೋಳವ್ವ?" ಎನ್ನುವರು.

ಮಂಡ್ಯ ಕಡೆಯವರು. ಅಕೌಂಟಿಂಗ್ ಓದಲು ಬಂದು, ಇಲ್ಲೇ ನೆಲೆಸಲು ಪಿಆರ್ ಮಾಡಿಸಿಕೊಂಡು, ಕೊನೆಗೆ ಪ್ಯಾರಮಟ್ಟಾ ಸುತ್ತಲಿನ ಗ್ಯಾರೇಜುಗಳಿಗೆ ಕಾರಿನ ಬಿಡಿಭಾಗ ತಲುಪಿಸುವ ವ್ಯಾನ್ ಓಡಿಸಿಕೊಂಡಿದ್ದರು. ವಾರವಿಡೀ ಮಾತಿಗೆ ಬರವಿರಲಿಲ್ಲ. ಲೆಬನಾನಿನವನೋ ವಿಯೆಟ್ನಾಮಿನವನೋ, ಪ್ರತಿ ಗ್ಯಾರೇಜಿನಲ್ಲೂ ಒಬ್ಬ ಗೆಳೆಯ. ಶುಕ್ರವಾರ ಸಂಜೆ ವ್ಯಾನ್ ನಿಂತರೆ ಮಾತೂ ನಿಲ್ಲುತ್ತಿತ್ತು. ಹೆಂಡತಿ ಮಗಳನ್ನು ಕರೆದುಕೊಂಡು ಮೆಲ್ಬರ್ನಿಗೆ ಹೋಗಿ ಕೆಲವು ವರ್ಷಗಳಾಗಿದ್ದವು. ಮನೆ ಕೊಳ್ಳಲು ಕೂಡಿಟ್ಟದ್ದೆಲ್ಲ ಕುದುರೆ ರೇಸಿನ ಪಾಲಾಗಿತ್ತು; ಅದನ್ನವರು ನಮ್ಮಿಂದ ಮುಚ್ಚಿಡಲಿಲ್ಲ. ಇನ್ನು ಬೆಟ್ ಕಟ್ಟುವುದಿಲ್ಲ ಎಂದು ಮಾತು ಕೊಟ್ಟ ಮೇಲೆ, ಭಾನುವಾರ ಸಂಜೆ ಮಗಳು ಇಂಚರಾಳ ಜೊತೆ ಫೋನಿನಲ್ಲಿ ಮಾತಾಡಲು ಹೆಂಡತಿ ಒಪ್ಪಿದ್ದರು. ಮಾತು ತಪ್ಪಿದರೆ ಫೋನೂ ಇಲ್ಲ.

ಕುದುರೆ ಬಿಟ್ಟಿದ್ದು ನಿಜ. ಮಲ್ಟಿ ಮಾತ್ರ ಬಿಟ್ಟಿರಲಿಲ್ಲ.

ಅದೇನೆಂದು ಒಂದು ದಿನ ನಮ್ಮ ಅಡುಗೆಮನೆಯಲ್ಲಿ ಕಾಫಿ ಕುಡಿಯುತ್ತ ಅವರೇ ವಿವರಿಸಿದರು. "ಐದ್ ಜನ ಒಂದೇ ಕಾರಲ್ಲಿ ಮದ್ವೆಗೆ ಹೊಂಟಂಗೆ ಕನವ್ವ. ನಾಕ್ ಜನ ಸೀರೆ ಉಟ್ಕಂಡು ಕೂತವ್ರೆ, ಒಬ್ಳು ಹೊರಡ್ನಿಲ್ಲ ಅಂದ್ರೆ ಕಾರೇ ಹೋಗಾಕಿಲ್ಲ." ಐದು ಬೇರೆ ಬೇರೆ ಮ್ಯಾಚುಗಳ ಮೇಲೆ ಒಂದೇ ಬೆಟ್, ಒಂದೊಂದು ಮ್ಯಾಚೂ ಒಂದೊಂದು ಲೆಗ್. ಮೊದಲನೆಯದು ಗೆದ್ದರೆ ಬಂದದ್ದೆಲ್ಲ ಎರಡನೆಯದರ ಮೇಲೆ, ಅದೂ ಗೆದ್ದರೆ ಮೂರನೆಯದರ ಮೇಲೆ. ಐದೂ ಗೆದ್ದರೆ ಗುಣಿಸುತ್ತ ಗುಣಿಸುತ್ತ ದೊಡ್ಡ ಮೊತ್ತ. ಒಂದು ಸೋತರೂ ಸೊನ್ನೆ.

ನಾನು ಚಾಟ್ಸ್‌ವುಡ್‌ನಲ್ಲಿ ಇನ್ಶೂರೆನ್ಸ್ ಕಂಪನಿಯೊಂದರಲ್ಲಿ ಇರುವವಳು. ಅಪಾಯ ಅಳೆಯುವುದೇ ನನ್ನ ಅನ್ನ. "ರಾಜಣ್ಣ, ಪ್ರತಿ ಲೆಗ್‌ನಲ್ಲೂ ಬುಕ್ಕಿ ತನ್ನ ಲಾಭ ಹಿಡಿದೇ ರೇಟ್ ಹಾಕಿರ್ತಾನೆ. ಐದು ಲೆಗ್ ಗುಣಿಸಿದ್ರೆ ಅವನ ಲಾಭಾನೂ ಗುಣಿಸತ್ತೆ. ಒಂದೊಂದೇ ಆಡೋದಕ್ಕಿಂತ ಇದು ಕಡೆ" ಎಂದೆ.

"ಗೊತ್ತು ಕನವ್ವ. ಆದ್ರೆ ಸಿಂಗಲ್ ಬೆಟ್ಟು ಎರಡ್ ಗಂಟೇಲಿ ಮುಗ್ದೋಯ್ತದೆ. ಮಲ್ಟಿ ಆದ್ರೆ ಶುಕ್ರವಾರದಿಂದ ಭಾನ್ವಾರದ್ಗಂಟ ಜೀವ ಹಿಡ್ಕಂಡಿರ್ತದೆ."

ಅವರು ಲೆಗ್ ಆರಿಸುತ್ತಿದ್ದುದೂ ಹಾಗೆಯೇ. ಶುಕ್ರವಾರಕ್ಕೆ ಸೋಲುವುದೇ ಕಷ್ಟವೆನ್ನುವ ಗಟ್ಟಿ ಟೀಮ್. ಅಲ್ಲೇ ಸೋತರೆ ಉಳಿದೆರಡು ದಿನ ಗೋಡೆ ನೋಡಬೇಕಲ್ಲ! ಬೆಟ್ ಗೆಲ್ಲಲೆಂದಲ್ಲ, ಬಾಳಲೆಂದು ಕಟ್ಟುತ್ತಿದ್ದ ಮನುಷ್ಯನನ್ನು ನಾನು ಬೇರೆ ನೋಡಿಲ್ಲ. ಕೊನೆಯ ಲೆಗ್ ಮಾತ್ರ ಎಂದೂ ಬದಲಾಗುತ್ತಿರಲಿಲ್ಲ. ಅದು ಇಂಚರಾಳ ಟೀಮ್, ಒದ್ದೂ ಹಿಡಿದೂ ಆಡುವ ಆಸ್ಟ್ರೇಲಿಯಾದ ಫುಟ್‌ಬಾಲ್ ಫುಟಿಯಲ್ಲಿ ಮೆಲ್ಬರ್ನಿನ ಒಂದು ಟೀಮ್. ಸೋಲುವುದರಲ್ಲಿ ಎತ್ತಿದ ಕೈ.

"ಈ ದರಿದ್ರ ಟೀಮ್ ತೆಗೀರಿ" ಎಂದೆ.

"ತೆಗುದ್ರೆ ಫೋನಲ್ಲಿ ಏನ್ ಮಾತಾಡ್ಲಿ? ಅವ್ಳಿಗೆ ಕನ್ನಡ ತಿಳೀತದೆ, ಬಾಯಿಗ್ ಬರಾಕಿಲ್ಲ. ಅವ್ಳ ಸ್ಕೂಲು, ಫ್ರೆಂಡ್ಸು ನಂಗ್ ತಿಳ್ಯಾಕಿಲ್ಲ. ಇಬ್ರಿಗೂ ತಿಳಿಯಾದು ಆ ಟೀಮ್ ಒಂದೇಯ."

"ಮ್ಯಾಚ್ ಸುಮ್ನೆ ನೋಡಿದ್ರೆ ಆಗಲ್ವಾ?"

"ಸೋತು ಮಗು ಅಳೋವಾಗ ನನ್ ಕೈಯಿಂದ್ಲೂ ಏನಾರ ಹೋಗಿರ್ಬೇಕಲ್ವಾ ಅವ್ವ?"

ಜೂಜಾಡುವವನಿಗೆ ನೆಪ ಹುಡುಕಿಕೊಡಬೇಕೇ ಎಂದು ಸಿಟ್ಟು ಬಂತು. ಆದರೂ ಆ ಮಾತು ಕರುಳಿಗೆ ತಾಗಿತು. ಹೋಳಿಗೆ ಮಾಡಿದ ದಿನ ಅವರಿಗೆ ಎರಡು ಹೆಚ್ಚೇ ಕಟ್ಟಿ ಕಳಿಸುತ್ತಿದ್ದೆ, ಬೈಯುತ್ತಲೇ.

ಒಂದು ವಾರ ನಾಲ್ಕೂ ಲೆಗ್ ಗೆದ್ದವು. ಭಾನುವಾರ ನಾನೂ ಸಾರಿನ ಪಾತ್ರೆ ಹಿಡಿದು ಅವರ ಟಿವಿಯ ಮುಂದೆ ನಿಂತುಬಿಟ್ಟೆ. ಇಂಚರಾಳ ಟೀಮ್ ಅಪರೂಪಕ್ಕೆ ಮುಂದಿತ್ತು. ಈಗಲೇ ಬೆಟ್ ಮುಗಿಸುವುದಾದರೆ ಇಷ್ಟು ಕೊಡುತ್ತೇವೆ ಎಂದು ಅವರ ಫೋನಿನ ಬೆಟ್ಟಿಂಗ್ ಆ್ಯಪ್ ಕರೆಯುತ್ತಿತ್ತು. "ತಗೊಂಡ್ಬಿಡಿ ರಾಜಣ್ಣ" ಎಂದು ಬೇಡಿಕೊಂಡೆ. "ಮಗು ಟೀಮ್ ಇನ್ನೂ ಆಡ್ತಾ ಅದೆ. ನಾನ್ ಅರ್ಧಕ್ಕೇ ಎದ್ದೋಗಾದಾ?" ಎಂದರು. ಆಮೇಲೆ ಎದುರಿನವರು ಮುಂದೆ ಹೋದರು. ಗೆಲ್ಲಿಸಬೇಕಿದ್ದ ಕೊನೆಯ ಒದೆತ ಗೋಲಿನ ಕಂಬಕ್ಕೆ ಬಡಿದು ಆಚೆ ಬಿತ್ತು.

ಆ ಕ್ಷಣಕ್ಕೇ ಫೋನ್ ಬಂತು. ಕೈ ಎಂಜಲಾಗಿದ್ದರಿಂದ ಬೆರಳ ಗೆಣ್ಣಿನಿಂದಲೇ ಸ್ಪೀಕರ್ ಒತ್ತಿದರು. "ಅಪ್ಪಾ, ಇಟ್ ಹಿಟ್ ದ ಪೋಸ್ಟ್!" ಹುಡುಗಿ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು.

"ಅಳ್ಬ್ಯಾಡ ಮಗ, ಅಳ್ಬ್ಯಾಡ. ನಂದೂ ಹೋಯ್ತು ಕನವ್ವ. ನಾಕ್ ಲೆಗ್ ಬಂದಿತ್ತು, ಎಲ್ಲಾ ಹೋಯ್ತು."

ಅಳು ನಿಂತಿತು. ಮ್ಯಾಚಿನ ನಡುನಡುವೆ ಬೆಟ್ಟಿಂಗ್ ಜಾಹೀರಾತು ನೋಡುತ್ತಲೇ ಬೆಳೆದ ಮಗು. ಲೆಗ್ ಅಂದರೇನೆಂದು ಅದಕ್ಕೆ ಹೇಳಿಕೊಡಬೇಕಿರಲಿಲ್ಲ. "ಯು ಪ್ರಾಮಿಸ್ಡ್ ಅಮ್ಮ, ಅಪ್ಪಾ" ಎಂದಷ್ಟೇ ಹೇಳಿ ಫೋನ್ ಇಟ್ಟಳು. ರಾಜಣ್ಣ ತಟ್ಟೆಯನ್ನು ಸಿಂಕಿನಲ್ಲಿಟ್ಟು ಬಹಳ ಹೊತ್ತು ಕೈ ತೊಳೆದರು. ನಾನು ಸಾರಿನ ಪಾತ್ರೆಯನ್ನು ಒಲೆಯ ಮೇಲಿಟ್ಟು ಬಂದೆ.

ಮುಂದಿನ ಭಾನುವಾರ ಫೋನ್ ಬರಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ. ಯಾವ ಬೆಟ್ಟಿಂಗ್ ಕಂಪನಿಯೂ ತಮ್ಮನ್ನು ಮತ್ತೆ ಸೇರಿಸಿಕೊಳ್ಳದಂತೆ ರಾಜಣ್ಣ ತಾವೇ ಸರ್ಕಾರದ ಪಟ್ಟಿಗೆ ಹೆಸರು ಕೊಟ್ಟರು. ಮಗಳಿಗೆ ಹತ್ತಿರವಿರಬೇಕೆಂದು ವ್ಯಾನ್ ಕೆಲಸ ಬಿಟ್ಟು ಮೆಲ್ಬರ್ನಿಗೆ ಹೊರಟರು. ಗ್ರಾನಿ ಫ್ಲಾಟಿಗೆ ಬೇರೆಯವರು ಬಂದರು. ಅವರು ಕೂತೇ ಟಿವಿ ನೋಡುತ್ತಾರೆ; ನನಗೇಕೋ ಅದು ಹಿಡಿಸುವುದಿಲ್ಲ.

ಕಳೆದ ಚಳಿಗಾಲ ಆಫೀಸ್ ಕೆಲಸಕ್ಕೆಂದು ಮೆಲ್ಬರ್ನಿಗೆ ಹೋದಾಗ, ಬೆಟ್ ಬಿಟ್ಟು ಎರಡು ವರ್ಷ ದಾಟಿತು ಎಂದು ಹೆಮ್ಮೆಯಿಂದ ಹೇಳಿ ರಾಜಣ್ಣ ನನ್ನನ್ನು ಅದೇ ಟೀಮಿನ ಮ್ಯಾಚಿಗೆ ಕರೆದೊಯ್ದರು. ಇಡೀ ಸೀಸನ್ನಿಗೆ ಎರಡು ಸೀಟು ಮಾಡಿಸಿಟ್ಟಿದ್ದರು, ಒಂದು ತಮಗೆ, ಒಂದು ಮಗಳಿಗೆ. ಹೆಂಡತಿ ಅಡ್ಡ ಬರಲಿಲ್ಲವಂತೆ. ಮಗಳು ಮೊದಮೊದಲು ಬಂದಿದ್ದಳಂತೆ.

"ಈಗ?"

"ಈಗ ದೊಡ್ಡವ್ಳಾದ್ಲು. ಫ್ರೆಂಡ್ಸು, ಪಾರ್ಟ್‌ಟೈಮ್ ಕೆಲ್ಸ. ಸಿಟ್ಟೇನಿಲ್ಲ ಕನವ್ವ, ಚೆಂದಾಗೇ ಮಾತಾಡ್ತಾಳೆ. ಫುಟಿ ನೋಡಾದ್ ಬಿಟ್ಬುಟ್ಳು, ಅಷ್ಟೆ."

ಇಂಚರಾಳ ಸೀಟಿನಲ್ಲಿ ನಾನು ಕೂತೆ. ಆ ದಿನ ಟೀಮ್ ಗೆದ್ದಿತು, ಭರ್ಜರಿಯಾಗಿಯೇ. ಸುತ್ತಲಿನವರೆಲ್ಲ ಸ್ಕಾರ್ಫ್ ಬೀಸುತ್ತ ಟೀಮಿನ ಹಾಡು ಹಾಡಿದರು. ರಾಜಣ್ಣ ಹೊರಗೆ ಬಂದು ಟ್ರಾಮ್ ಸ್ಟಾಪಿನ ಪಕ್ಕ ನಿಂತು ಮಗಳಿಗೆ ಫೋನ್ ಹಚ್ಚಿದರು. ಅವಳು ಎತ್ತಲಿಲ್ಲ. ಮೆಸೇಜ್ ಬಿಡಿ ಎಂದು ಯಂತ್ರ ಹೇಳಿತು. "ಮಗ, ಗೆದ್ದ್ವಿ ಕಣೇ" ಎಂದು ಶುರುಮಾಡಿ, ಆಟದ ಮಾತಿಗೆ ಇಂಗ್ಲಿಷ್ ಬೆರೆಸಿ, ನಾಲ್ಕು ಕ್ವಾರ್ಟರಿನ ಆಟವನ್ನು ಮೊದಲಿನಿಂದ ಹಿಡಿದು, ಯಾರು ಒದ್ದರು, ಯಾರು ಹಿಡಿದರು, ಒಂದೂ ಬಿಡದೆ ಹೇಳತೊಡಗಿದರು. ನಡುವೆ ಯಂತ್ರ ಕೂಗಿ ನಿಂತುಹೋಯಿತು. ಅವರು ಮತ್ತೆ ಹಚ್ಚಿ, ಬಿಟ್ಟಲ್ಲಿಂದ ಮುಂದುವರಿಸಿದರು.

ನಾನು ಕಾಫಿ ತರಲು ಹೋಗಿ ಬಂದಾಗ ಅವರು ಇನ್ನೂ ಮೂರನೆಯ ಕ್ವಾರ್ಟರಿನಲ್ಲಿದ್ದರು.