ಮೀಟಿಂಗಿನಲ್ಲಿ ನನ್ನನ್ನು ಮೇಡಂ ಎಂದ ತಂಗಿ

ನನ್ನ ತಂಗಿಯನ್ನು ಈ ಕೆಲಸಕ್ಕೆ ಸೇರಿಸಿದ್ದೇ ನಾನು. ಶಿವಮೊಗ್ಗದಲ್ಲಿ ಹನಿ ನೀರಾವರಿ ಸಾಮಾನು ಮಾರುವ ಒಂದು ಕಂಪನಿ, ಮನೆಯಲ್ಲಿ ಕೂತೇ ರೈತರಿಗೆ ಫೋನಿನಲ್ಲಿ ಸಲಹೆ ಕೊಡುವ ಹೆಂಗಸರನ್ನು ಹುಡುಕುತ್ತಿತ್ತು. ಶಿಕಾರಿಪುರದಿಂದ ನಾನು ಮೊದಲು ಸೇರಿದೆ. ಆಮೇಲೆ, ಸೊರಬಕ್ಕೆ ಮದುವೆಯಾಗಿ ಹೋಗಿದ್ದ ತಂಗಿಯ ಹೆಸರು ಹೇಳಿದೆ. ಪೈಪು, ಫಿಲ್ಟರು, ವಾಲ್ವು ಎಲ್ಲವನ್ನೂ ನಾನೇ ಹೇಳಿಕೊಟ್ಟೆ. ಗಳಿಗೆಗೊಮ್ಮೆ "ಅಕ್ಕಾ, ಇದಕ್ಕೇನು ಹೇಳಲಿ?" ಎಂದು ಫೋನ್ ಮಾಡುತ್ತಿದ್ದಳು. ಮನೆಯವರ ಮುಂದೆ ಗೊಣಗುತ್ತಿದ್ದೆನಾದರೂ ನನಗದು ಒಳಗೊಳಗೇ ಹಿತವಾಗಿತ್ತು.

ಒಮ್ಮೆ ನಮ್ಮ ಮ್ಯಾನೇಜರು, "ಬಾಯಲ್ಲಿ ಹೇಳಿದ್ರೆ ಸಾಲದು. ರೈತರ ಹೊಲ ವಿಡಿಯೊದಲ್ಲಿ ನೋಡಿ ಹೇಳ್ಬೇಕು. ನಮ್ಮ ಬೆಳಗಿನ ಮೀಟಿಂಗೂ ಅದರಲ್ಲೇ ಆಗಲಿ. ಯಾವ ಆ್ಯಪ್ ಒಳ್ಳೇದು ನೋಡಿ ಹೇಳಿ ಮೇಡಂ" ಎಂದು ಆ ಜವಾಬ್ದಾರಿಯನ್ನು ನನಗೆ ವಹಿಸಿದರು.

ನಾನದನ್ನು ಮನಸ್ಸಿಟ್ಟು ಮಾಡಿದೆ. ಗಂಡನ ಲ್ಯಾಪ್‌ಟಾಪಿನಲ್ಲೊಮ್ಮೆ, ನನ್ನ ಫೋನಿನಲ್ಲೊಮ್ಮೆ ಒಂದೊಂದನ್ನೂ ಹಾಕಿ ನೋಡಿದೆ. ಕೊನೆಗೆ ಒಂದು ಹಿಡಿಸಿತು. ಚಿತ್ರ ಕನ್ನಡಿಯ ಹಾಗಿತ್ತು, ಮಾತನ್ನೆಲ್ಲ ರೆಕಾರ್ಡ್ ಮಾಡುತ್ತಿತ್ತು, ನನ್ನ ಬೆನ್ನ ಹಿಂದೆ ಒಣಹಾಕಿದ ಬಟ್ಟೆಯನ್ನು ಮರೆಮಾಡಿ ಪುಸ್ತಕದ ಕಪಾಟನ್ನು ತೋರಿಸುತ್ತಿತ್ತು. ಅದರ ಗುಣಗಳನ್ನೆಲ್ಲ ನಮ್ಮ ಕೆಲಸದ ವಾಟ್ಸಾಪ್ ಗ್ರೂಪಿನಲ್ಲಿ ವಿವರವಾಗಿ ಬರೆದು ಹಾಕಿದೆ.

ಅದರ ಕೆಳಗೇ ತಂಗಿಯ ಒಂದು ಸಾಲು ಬಂತು: "ನಾನೂ ಒಂದು ನೋಡಿದ್ದೀನಿ ಸರ್. ಲಿಂಕ್ ಒತ್ತಿದ್ರೆ ಸಾಕು."

ನನಗೆ ಒಂದು ಮಾತೂ ಹೇಳಿರಲಿಲ್ಲ. ಮ್ಯಾನೇಜರು ಎರಡನ್ನೂ ಒಬ್ಬ ರೈತರ ಜೊತೆ ಪರೀಕ್ಷೆ ಮಾಡೋಣ ಎಂದರು.

ಉಡುತಡಿಯ ರೈತರೊಬ್ಬರ ಶುಂಠಿ ಹೊಲಕ್ಕೆ ನೀರು ಸರಿಯಾಗಿ ಹನಿಯುತ್ತಿರಲಿಲ್ಲ. ಮೊದಲ ಸರದಿ ನನ್ನದು. ಫೋನಿನಲ್ಲೇ ಅವರಿಗೆ ಆ್ಯಪ್ ಹಾಕಿಕೊಳ್ಳುವುದನ್ನು ಹೇಳುತ್ತಾ ಹೋದೆ.

"ಅಕ್ಕಾರೇ, ಪಾಸ್‌ವರ್ಡ್ ಕೇಳ್ತೈತ್ರೀ. ಯಾರ್ದು ಹಾಕ್ಲಿ?"

"ನಿಮ್ಮದೇ ಒಂದು ಹೊಸದು ಮಾಡ್ಕೊಳ್ರಿ."

"ನಾನು ಮಾಡೋದಾ? ಮತ್ತೆ ಅದ್ಯಾಕೆ ನನ್ನನ್ನ ಕೇಳ್ತೈತ್ರೀ?"

ಇಮೇಲ್ ಕೇಳಿತು, ಒಟಿಪಿ ಕೇಳಿತು. ಒಟಿಪಿ ಬಂದದ್ದು ಅವರ ಮಗನ ನಂಬರಿಗೆ. ಮಗ ಅಂಬ್ಲಿಗೊಳದ ಕಡೆ ಹೋಗಿದ್ದ. ನನ್ನ ಪುಸ್ತಕದ ಕಪಾಟಿನ ಮುಂದೆ ನಾನೊಬ್ಬಳೇ ಕೂತಿದ್ದೆ.

ತಂಗಿ ಲಿಂಕ್ ಕಳಿಸಿದಳು. ಅವರು ಒತ್ತಿದರು. ಹೊಲ ಕಂಡೇಬಿಟ್ಟಿತು.

"ಅಣ್ಣಾರೇ, ಫಿಲ್ಟರ್ ಮುಚ್ಚಳ ಬಿಚ್ಚಿ, ಒಳಗಿನ ಜಾಲರಿ ತೋರ್ಸ್ರಿ" ಎಂದಳು. ಹಸಿರು ಪಾಚಿ ಕಟ್ಟಿದ್ದು ನಮಗೆಲ್ಲ ಕಾಣಿಸಿತು. ತೊಳೆದು ಹಾಕಿದರು. "ಬಂತ್ ನೋಡ್ರೀ ನೀರು!" ಎಂದು ಅವರು ಕೂಗಿದಾಗ ಮ್ಯಾನೇಜರು ಚಪ್ಪಾಳೆ ತಟ್ಟಿದರು.

"ಚಿತ್ರ ಸ್ವಲ್ಪ ಮಸುಕು ಸರ್" ಎಂದೆ.

"ಫಿಲ್ಟರ್ ಕಂಡ್ತಲ್ಲ ಮೇಡಂ, ಇನ್ನೇನು ಬೇಕು?" ಎಂದರು.

ಅವಳ ಆ್ಯಪೇ ಆಯ್ಕೆಯಾಯಿತು. ಬೆಳಗಿನ ಮೀಟಿಂಗ್ ನಡೆಸುವುದೂ ಅವಳ ಪಾಲಿಗೆ ಬಂತು. ಅದನ್ನಾದರೂ ಸಹಿಸಬಹುದಿತ್ತು. ಆದರೆ ಮೊದಲ ದಿನವೇ, ಎಲ್ಲರೆದುರು, "ಮೇಡಂ, ನಿಮ್ಮ ಮೈಕ್ ಆನ್ ಇದೆ. ಕುಕ್ಕರ್ ಕೂಗೋದು ಕೇಳಿಸ್ತಿದೆ" ಎಂದಳು. ಎಲ್ಲರೂ ನಕ್ಕರು. ನನಗೆ ಕಚ್ಚಿದ್ದು ನಗುವಲ್ಲ, ಮೇಡಂ ಎಂಬ ಮಾತು. ಹುಟ್ಟಿದಾಗಿನಿಂದ ಅವಳ ಬಾಯಲ್ಲಿ ನಾನು ಅಕ್ಕನೇ. ಅಂದಿನಿಂದ ಪ್ರತಿ ಬೆಳಗ್ಗೆ ಅವಳ ತಪ್ಪಿಗಾಗಿ ಕಾಯುತ್ತಾ ಕೂರುತ್ತಿದ್ದೆ. ಅವಳ ಸೀರೆ ಹೊಸದೇ ಎಂದು ನೋಡುತ್ತಿದ್ದೆ. ಅವಳ ಧ್ವನಿ ಅಷ್ಟು ಸ್ಪಷ್ಟವಾಗಿ ಬರುವುದಕ್ಕೂ ಸಿಟ್ಟು ಬರುತ್ತಿತ್ತು.

ಒಂದು ಭಾನುವಾರ ತಡೆಯಲಾರದೆ ಸೊರಬದ ಬಸ್ಸು ಹತ್ತಿದೆ.

ಬಾಗಿಲಲ್ಲೇ ಅವಳ ಅತ್ತೆ ಸಿಕ್ಕರು. ಕೇಳದಿದ್ದರೂ ಅವರೇ ಶುರುಮಾಡಿದರು. "ನಿನ್ ತಂಗಿ ನನ್ನ ಪ್ರಾಣ ತೆಗ್ದಿದ್ಲು ಮಾರಾಯ್ತಿ. ನನ್ನ ಫೋನಿಗೆ ಏನೇನೋ ಹಾಕೋದು, ನನ್ನನ್ನ ಗದ್ದೆ ಹತ್ರ ಕಳ್ಸೋದು, ತಾನು ಒಳಗೆ ಕೂತು 'ಕಾಣುತ್ತಾ? ಕಾಣುತ್ತಾ?' ಅನ್ನೋದು. ಕನ್ನಡಕ ಇಲ್ದೆ ನಂಗೆ ಯಾವ್ದು ಒತ್ತಕ್ಕೆ ಬಂತೋ, ಅದೇ ಇರ್ಲಿ ಅಂದ್ಲು."

ನಮ್ಮ ಮನೆಯಲ್ಲಿ ನನ್ನ ಅತ್ತೆಯೂ ಪಕ್ಕದ ಕೋಣೆಯಲ್ಲೇ ಇರುತ್ತಾರೆ. ಅವರ ಕೈಗೆ ಫೋನ್ ಕೊಟ್ಟು ನೋಡುವ ಯೋಚನೆ ನನಗೆ ಬಂದಿರಲೇ ಇಲ್ಲ. ಹೊಟ್ಟೆಕಿಚ್ಚು ಇನ್ನಷ್ಟು ಹೊತ್ತಿಕೊಂಡಿತು.

ಅಡುಗೆಮನೆಯಲ್ಲಿ ಇಬ್ಬರೇ ಇದ್ದಾಗ ಕೇಳಿಯೇಬಿಟ್ಟೆ. "ನನಗೆ ಮೊದಲೇ ಯಾಕೆ ಹೇಳ್ಲಿಲ್ಲ?"

ತಂಗಿ ಚಹಾ ಸೋಸುತ್ತಿದ್ದಳು. ತಲೆ ಎತ್ತಲಿಲ್ಲ. "ಹೇಳಿದ್ರೆ ಅದು ನಿನ್ನದಾಗ್ತಿತ್ತು ಅಕ್ಕಾ."

"ನಾನೇನು ಕಿತ್ಕೊಳ್ತಿದ್ನಾ?"

"ನೀನು ಕಿತ್ಕೊಳ್ಳಲ್ಲ. ಜನ ಹಾಗೇ ತಿಳ್ಕೊಳ್ತಾರೆ. ಶಾಲೇಲಿ ಟೀಚರ್‌ಗೆ ನಾನು ನಿನ್ನ ತಂಗಿ. ಕಂಪನೀಲೂ ನಿನ್ನ ತಂಗಿ. ಒಂದಾದ್ರೂ ನಂದು ಅಂತ ಇರ್ಲಿ ಅನ್ನಿಸ್ತು."

"ಅದಕ್ಕೆ ಮೇಡಂ ಅಂತೀಯಾ?"

"ಅಲ್ಲಿ ಅಕ್ಕ ಅಂದ್ರೆ ಬಾಯಿ ಕಟ್ಟುತ್ತೆ ನಂಗೆ. ನಿನ್ನೆದುರು ಮೀಟಿಂಗ್ ನಡ್ಸೋಕೇ ಆಗಲ್ಲ." ಲೋಟ ನನ್ನ ಮುಂದಿಟ್ಟಳು. "ಎಷ್ಟು ವರ್ಷ ನಿನ್ನ ನೋಡಿ ಹೊಟ್ಟೆ ಉರ್ಕೊಂಡಿದ್ದೀನಿ, ನಿಂಗೇನು ಗೊತ್ತು?"

ಚಹಾ ಕುಡಿದೆ. ಚೆನ್ನಾಗಿತ್ತು, ಹಾಗೆಂದು ಹೇಳಲಿಲ್ಲ. ಹಿಂದಿರುಗುವಾಗ ಬಸ್ಸಿನಲ್ಲಿ, ಅವಳೂ ನನ್ನನ್ನು ಕಂಡು ಕರುಬಿದ್ದಳು ಎನ್ನುವುದು ನೆನಪಾಗಿ ಒಂಥರಾ ಸಂತೋಷವಾಯಿತು. ಶಿರಾಳಕೊಪ್ಪ ದಾಟುವಷ್ಟರಲ್ಲಿ ಅದು ಆರಿ, ಅವಳ ಕಾಲ ಈಗ ಬಂತು, ನನ್ನದು ಮುಗಿಯಿತು ಎಂದು ಮತ್ತೆ ಹೊಟ್ಟೆ ಉರಿಯತೊಡಗಿತು.

ಮಳೆಗಾಲ ಮುಗಿದ ಮೇಲೆ ಅವಳನ್ನು ನಮ್ಮ ಗುಂಪಿನ ಮುಖ್ಯಸ್ಥೆಯನ್ನಾಗಿ ಮಾಡಿದರು. ಗ್ರೂಪಿನಲ್ಲಿ ಎಲ್ಲರೂ ಹೂಗುಚ್ಛದ ಚಿತ್ರ ಹಾಕಿದರು. ನಾನು "ಅಭಿನಂದನೆಗಳು" ಎಂದು ಬರೆದು, ಅಳಿಸಿ, ಮತ್ತೆ ಅದನ್ನೇ ಬರೆದು ಕಳಿಸಿದೆ. ಸ್ವಲ್ಪ ಹೊತ್ತಿಗೆ ಅವಳ ಫೋನ್ ಬಂತು.

"ಅಕ್ಕಾ, ಊಟ ಆಯ್ತಾ?"

"ಆಯ್ತು. ನಿಂದು?"

"ಇನ್ನೂ ಇಲ್ಲ. ಏನು ಸಾರು?"

"ಹುರುಳಿ ಕಟ್ಟಿನ ಸಾರು."

ಅವಳು ಆ ಸುದ್ದಿ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಆ ಸಾರಿಗೆ ಬೆಳ್ಳುಳ್ಳಿ ಎಷ್ಟು ಹಾಕಬೇಕು ಎಂದು ಬಹಳ ಹೊತ್ತು ಮಾತಾಡಿದೆವು.