ನಮ್ಮ ಸಜ್ಜಾದ ಹಾರ್ನು

ಎಸ್ಸೆಸ್ಸೆಲ್ಸಿ ಪಾಸು ಮಾಡಿ ಲೈನ್‌ಮನ್ ಕೆಲಸಕ್ಕೆ ಸೇರಿದ ನಾನು, ಮೂವತ್ತು ವರ್ಷಕ್ಕೂ ಮೇಲೆ ಕಂಬ ಹತ್ತಿ ಇಳಿದು ನಿವೃತ್ತನಾದೆ. ಮಳೆಗಾಳಿಯಲ್ಲಿ ಹೋದ ಕರೆಂಟನ್ನು ತಂದುಕೊಟ್ಟು ಜನರ ಕೈಯಲ್ಲಿ ಒಳ್ಳೆಯವನು ಅನ್ನಿಸಿಕೊಂಡಿದ್ದೇನೆ. ಅದೇ ಕೈಯಿಂದ ಒಂದು ದಿನ ಒಂದು ಜಾಯಿಂಟು ಬಿಚ್ಚಿದೆ. ಐದು ವರ್ಷ ಯಾರಿಗೂ ಹೇಳಲಿಲ್ಲ.

ಅರಸೀಕೆರೆಯಲ್ಲಿ ನಮ್ಮ ಬೀದಿಯ ತುದಿಗೆ ಪ್ರತಿವರ್ಷ ಪೆಂಡಾಲು ಹಾಕಿ ಗಣಪತಿ ಕೂರಿಸುತ್ತಾರೆ. ಅವತ್ತಿನಿಂದ ಬಿಡುವ ದಿನದವರೆಗೂ ಬೀದಿಯ ಎರಡೂ ಕಡೆ ಅಂಗಡಿಗಳ ಸಾಲು. ಗೇಟು ತೆಗೆಯಬೇಕಾದರೆ ಯಾರದೋ ಪ್ಲಾಸ್ಟಿಕ್ ಬಕೆಟ್ಟುಗಳನ್ನು ಪಕ್ಕಕ್ಕೆ ಸರಿಸಬೇಕು. ಸ್ಕೂಟರು ಹೊರಗೆ ಬರುವುದಿಲ್ಲ. ಮೆಣಸಿನಕಾಯಿ ಬಜ್ಜಿಯ ಎಣ್ಣೆ ವಾಸನೆ ದೇವರ ಕೋಣೆಗೂ ಬರುತ್ತದೆ. ತೊಟ್ಟಿಲು ತಿರುಗಿಸುವ ಜನರೇಟರು ಒಂದು ಕಡೆ, ಮಕ್ಕಳ ಪೀಪಿ ಒಂದು ಕಡೆ. ಎಲ್ಲಕ್ಕೂ ಮೇಲೆ ಮೈಕು. ಕಮಿಟಿಯವರು ಮನೆಯಿಂದ ಮನೆಗೆ ವೈರು ಎಳೆದು, ಬಸ್ ಸ್ಟ್ಯಾಂಡ್ ರಸ್ತೆಯವರೆಗೂ ಹಾರ್ನು ಕಟ್ಟಿಸುತ್ತಾರೆ. ಅದರಲ್ಲಿ ಒಂದು ನಮ್ಮ ಮನೆಯ ಸಜ್ಜಾದ ಮೇಲೆ, ನಾನು ಮಲಗುವ ಕೋಣೆಯ ಕಿಟಕಿಗೆ ಮೂರು ಅಡಿ ದೂರದಲ್ಲಿ.

ನನ್ನ ಹೆಂಡತಿಗೆ ಆ ಗದ್ದಲ ಇಷ್ಟ. ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಂಡು, ಯಾರು ಯಾವ ಅಂಗಡಿಯಲ್ಲಿ ಚೌಕಾಸಿ ಮಾಡುತ್ತಿದ್ದಾರೆ ಅಂತ ನೋಡುತ್ತಾ ಅಲಸಂದೆಕಾಯಿ ಬಿಡಿಸುತ್ತಾಳೆ. ನಾನು ಗೊಣಗಿದರೆ, "ವರ್ಷವೆಲ್ಲಾ ನಿಮ್ಮ ಗೊರಕೆ ಕೇಳ್ತೀನಲ್ಲ, ನಾನೇನಾದ್ರೂ ಕಂಪ್ಲೇಂಟ್ ಕೊಟ್ಟಿದ್ದೀನೇನ್ರೀ?" ಅನ್ನುತ್ತಾಳೆ.

ಹಾಗಾಗಿ ಹೆಂಡತಿಗೆ ಹುಷಾರಿರಲಿಲ್ಲ, ಅವಳಿಗಾಗಿ ಮಾಡಿದೆ ಅಂತ ನೆಪ ಹೇಳುವ ಹಾಗೂ ಇಲ್ಲ. ನನಗೆ ಮಧ್ಯಾಹ್ನದ ನಿದ್ದೆ ಬೇಕಿತ್ತು, ಅಷ್ಟೆ.

ನಮ್ಮ ಬೀದಿಯಲ್ಲಿ ಒಂದು ರೂಢಿ ಇದೆ. ಯಾರ ಮನೆಯ ಮುಂದೆ ಯಾರು ಅಂಗಡಿ ಹಾಕುತ್ತಾರೋ ಅಷ್ಟು ದಿನ ಅವರು ಆ ಮನೆಯವರ ಹಾಗೆಯೇ. ಕುಡಿಯುವ ನೀರು, ಬಚ್ಚಲು, ಮಳೆ ಬಂದರೆ ಸಾಮಾನು ಇಡಲು ಜಗುಲಿ, ಎಲ್ಲಾ ಆ ಮನೆಯದೇ. ವರ್ಷ ವರ್ಷವೂ ಅದೇ ಜಾಗ, ಅದೇ ಜನ. ನಮ್ಮ ಮುಂದೆ ಕಡ್ಲೆಪುರಿ, ಬೆಂಡು ಬತ್ತಾಸಿನ ಅಂಗಡಿ. ಹಳೇಬೀಡಿನ ಹತ್ತಿರದ ಮಾದಿಹಳ್ಳಿಯಿಂದ ಗಂಡ ಹೆಂಡತಿ ಬರುತ್ತಿದ್ದರು. ಆಕೆ ನನ್ನನ್ನು ಅಣ್ಣ ಅನ್ನುತ್ತಿದ್ದಳು. ನನ್ನ ಹೆಂಡತಿಗೂ ಆಕೆಗೂ ಬಹಳ ಹೊಂದಿಕೆ. ಊರಿಗೆ ಹೊರಟ ದಿನ ಒಂದು ಚೀಲ ಪುರಿ ಜಗುಲಿಯ ಮೇಲೆ ಇಟ್ಟೇ ಹೋಗುತ್ತಿದ್ದಳು.

ಐದು ವರ್ಷದ ಹಿಂದಿನ ಆ ದಿನ ಊಟ ಮಾಡಿ ಮಲಗಿದ್ದೆ. ಹಾರ್ನು ಒಂದೇ ಹಾಡನ್ನು ಮೂರನೇ ಸಲ ಶುರು ಮಾಡಿತು. ಎದ್ದು ಸ್ಟೂಲು ಹಾಕಿಕೊಂಡು ಸಜ್ಜಾದ ಹತ್ತಿರ ಕೈ ಚಾಚಿದೆ. ವೈರು ಕಿತ್ತು ಬಿಸಾಡಿದ್ದರೆ ಯಾರಿಗಾದರೂ ಕಾಣುತ್ತಿತ್ತು. ನಾನು ಹಾಗೆ ಮಾಡಲಿಲ್ಲ. ಜಾಯಿಂಟಿನ ಟೇಪು ಬಿಚ್ಚಿ, ಒಳಗಿನ ತಾಮ್ರದ ಎಳೆಗಳನ್ನು ಬೇರೆ ಮಾಡಿ, ನಡುವೆ ಒಂದು ಪದರ ಟೇಪು ಕೊಟ್ಟು, ಮೇಲೆ ಮೊದಲಿನ ಹಾಗೆಯೇ ಸುತ್ತಿದೆ. ಹೊರಗಿನಿಂದ ನೋಡಿದರೆ ಗಟ್ಟಿ ಜಾಯಿಂಟು. ನಮ್ಮಿಂದ ಮುಂದೆ ಬಸ್ ಸ್ಟ್ಯಾಂಡ್ ರಸ್ತೆಯ ಎರಡು ಹಾರ್ನುಗಳಿಗೂ ಅದೇ ವೈರು ಹೋಗಿತ್ತು. ಅವೂ ನಿಲ್ಲುತ್ತವೆ ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಆ ಕಡೆಯವರಿಗೂ ನೆಮ್ಮದಿ ಆಯಿತು ಅಂದುಕೊಂಡು ಮಲಗಿದೆ.

ಸ್ವಲ್ಪ ಹೊತ್ತಿಗೆ ಮೈಕ್‌ಸೆಟ್‌ನವನು ಬಂದು ಗೇಟಿನ ಹತ್ತಿರ ನಿಂತು ಕೂಗಿದ.

"ಅಣ್ಣೋ, ಈ ಲೈನೇ ಸತ್ತೋಗೈತೆ. ಎಲ್ಲಿ ಕಟ್ಟಾಗೈತೆ ಅಂತ ಗೊತ್ತಾಯ್ತಿಲ್ಲ. ನೀವು ಲೈನ್‌ಮನ್ ಅಲ್ವಾ, ಒಂಚೂರು ನೋಡ್ತೀರಾ?"

ಹೊರಗೆ ಬಂದು ನಮ್ಮ ಜಾಯಿಂಟನ್ನು ಮುಟ್ಟಿ, ಎಳೆದು ತೋರಿಸಿದೆ. "ಇಲ್ಲಿ ಸರಿಯಾಗೈತೆ ಕಣಪ್ಪಾ. ಹಿಂದೆ ಎಲ್ಲೋ ಇರಬೇಕು. ಪೆಂಡಾಲಿನಿಂದ ಒಂದೊಂದೇ ನೋಡ್ಕೊಂಡು ಬಾ."

ಅವನು ನನ್ನ ಮಾತು ನಂಬಿ ಪೆಂಡಾಲಿನ ಕಡೆ ಹೋದ. ನನಗೆ ಒಳಗೊಳಗೇ ನಗು ಬಂತು. ಆ ನಗು ಈಗ ನೆನಪಾದರೆ ಮೈ ಹಿಡಿಯಾಗುತ್ತದೆ.

ಸಂಜೆ ಐದೂವರೆ ಇರಬೇಕು. ಹಿತ್ತಿಲ ಬಾಗಿಲಲ್ಲಿ ನಿಂತು ಕಾಫಿ ಕುಡಿಯುತ್ತಿದ್ದೆ. ಹಿಂದಿನ ಓಣಿಯ ನಲ್ಲಿಯ ಹತ್ತಿರ ಒಬ್ಬ ಅಜ್ಜಿ ಮುಖ ತೊಳೆಯುತ್ತಿದ್ದಳು. ಹಸಿರು ಸೀರೆ, ಕಾಲಲ್ಲಿ ಚಪ್ಪಲಿ ಇಲ್ಲ. ನನ್ನನ್ನು ನೋಡಿ ಹತ್ತಿರ ಬಂದಳು.

"ಯಪ್ಪಾ, ಬಸ್ಸು ಎಲ್ಲಿ ನಿಲ್ತೈತೆ? ಎಮ್ಮೆ ಹಾಲು ಕರೆಯೋ ಹೊತ್ತಾಯ್ತು."

ಜಾತ್ರೆಗೆ ಬಂದ ಯಾರೋ ಅಜ್ಜಿ ಅಂದುಕೊಂಡೆ. ಕೈ ತೋರಿಸಿ, "ಈ ಓಣಿ ದಾಟಿ ಬಲಕ್ಕೆ ಹೋಗಮ್ಮಾ, ನೇರ ಬಸ್ ಸ್ಟ್ಯಾಂಡು" ಅಂದೆ. "ನಿನ್ನ ಹೊಟ್ಟೆ ತಣ್ಣಗಿರಲಿ ಕಣಪ್ಪಾ" ಅಂತ ಹೇಳಿ ಹೋದಳು.

ಆಕೆ ನಮ್ಮ ಪುರಿ ಅಂಗಡಿಯವಳ ತಾಯಿ. ಮರೆವಿನ ಕಾಯಿಲೆ ಬಂದಿತ್ತು. ಹಾಸನದಲ್ಲಿದ್ದ ಮಗ, ಹದಿನೈದು ದಿನ ನಿನ್ನ ಹತ್ತಿರ ಇಟ್ಟುಕೋ ಅಂತ ತಂಗಿಯ ಕೈಗೆ ಒಪ್ಪಿಸಿದ್ದ. ಮನೆಯಲ್ಲಿ ಬಿಡುವ ಹಾಗಿಲ್ಲ ಅಂತ ಅವತ್ತು ಬೆಳಿಗ್ಗೆಯಷ್ಟೇ ಅಂಗಡಿಗೆ ಕರೆತಂದಿದ್ದರು. ನಾನು ಮೈಕಿನ ಮೇಲಿನ ಸಿಟ್ಟಿಗೆ ಬೀದಿಯ ಕಡೆ ಸರಿಯಾಗಿ ತಲೆ ಹಾಕಿರಲೇ ಇಲ್ಲ. ಹಾಗಾಗಿ ನನಗೆ ಆಕೆಯ ಗುರುತು ಸಿಗಲಿಲ್ಲ.

ಲೋಟ ಒಳಗಿಟ್ಟು ಮುಂದಿನ ಬಾಗಿಲಿಗೆ ಬಂದರೆ ಅಂಗಡಿಯವಳು ನಮ್ಮ ಜಗುಲಿಯ ಮೇಲೆ ಕೂತು ಅಳುತ್ತಿದ್ದಳು. ನನ್ನ ಹೆಂಡತಿ ಬೆನ್ನು ಸವರುತ್ತಿದ್ದಳು.

"ಅರ್ಧ ಗಂಟೆಯಿಂದ ಮೈಕಲ್ಲಿ ಕೂಗಿಸ್ತಾ ಇದ್ದೀನಿ ಅಣ್ಣಾ. ಹಸಿರು ಸೀರೆ ಉಟ್ಟಿರೋ ಅಜ್ಜಿ, ಬರಿಗಾಲು, ಕಂಡೋರು ಹಿಡಿದು ಕೂರಿಸಿ ಅಂತ. ಒಬ್ರೂ ಬರ್ಲಿಲ್ಲ. ಗಿರಾಕಿಗೆ ಚೀಲ ಕಟ್ಟಿ ತಿರುಗೋದ್ರಲ್ಲಿ ನಮ್ಮವ್ವ ಇರ್ಲಿಲ್ಲ."

ಅರ್ಧ ಗಂಟೆಯಿಂದ ಕೂಗುತ್ತಿದ್ದ ಆ ಮಾತು ನಮ್ಮ ಮನೆಗೆ ಬಂದಿರಲಿಲ್ಲ. ಓಣಿಗೂ ಬಸ್ ಸ್ಟ್ಯಾಂಡ್ ರಸ್ತೆಗೂ ಬಂದಿರಲಿಲ್ಲ. ಅಲ್ಲಿಗೆ ಹೋಗಬೇಕಾದದ್ದು ನಾನು ಸುತ್ತಿದ ಟೇಪಿನ ಹತ್ತಿರ ನಿಂತುಹೋಗಿತ್ತು.

"ಬಸ್ ಸ್ಟ್ಯಾಂಡಿನ ಕಡೆ ಹೋದದ್ದು ನೋಡಿದೆ, ಈಗತಾನೆ" ಅಂದೆ. ಆಕೆಯ ಗಂಡನೂ ನಾನೂ ಓಡಿದೆವು. ಹಳೇಬೀಡಿನ ಬಸ್ಸು ಇನ್ನೂ ನಿಂತಿತ್ತು, ಅದರಲ್ಲಿ ಅಜ್ಜಿ ಇರಲಿಲ್ಲ. ಬಾಣಾವರದ ಬಸ್ಸು ಹೊರಟು ಐದು ನಿಮಿಷವಾಗಿತ್ತು. ಹಣ್ಣು ಮಾರುವವನು ಹೇಳಿದ: "ಬರಿಗಾಲಿನ ಅಜ್ಜಿ ತಾನೆ? ಆ ಬಸ್ಸು ಹತ್ತಿದ್ರಲ್ಲ. ಕಳೆದುಹೋದೋರು ಅಂತ ಯಾರಿಗ್ಗೊತ್ತು ಸಾಮಿ? ಗೊತ್ತಿದ್ರೆ ಹಿಡ್ಕೊಂತಿದ್ದೆ."

ಗಂಡ ಬೈಕು ಹುಡುಕಿಕೊಂಡು ಬಾಣಾವರಕ್ಕೆ ಹೊರಟ. ನಾನು ಮನೆಗೆ ಬಂದೆ. ಅಂಗಡಿಯವಳು ಪೆಂಡಾಲಿನ ಕಡೆ ಹೋಗಿದ್ದಳು. ಸ್ಟೂಲು ಹತ್ತಿದೆ. ಟೇಪು ಬಿಚ್ಚಿ ಎಳೆಗಳನ್ನು ಹೊಸೆದ ತಕ್ಷಣ ನನ್ನ ಕಿವಿಯ ಪಕ್ಕದಲ್ಲೇ ಹಾರ್ನು ಬಾಯಿ ಬಿಟ್ಟಿತು. "ಹಸಿರು ಸೀರೆ ಉಟ್ಟಿರುವ, ಸುಮಾರು ಎಪ್ಪತ್ತೈದು ವರ್ಷದ..." ಎಳೆಗಳ ಮೇಲೆ ಟೇಪು ಸುತ್ತಿ ಇಳಿದೆ.

ಅಜ್ಜಿ ಸಿಕ್ಕಿದ್ದು ಮಾರನೆಯ ದಿನ ಬೆಳಿಗ್ಗೆ, ಬಾಣಾವರದ ರೈಲ್ವೆ ಸ್ಟೇಷನ್ನಿನ ಮೆಟ್ಟಿಲ ಕೆಳಗೆ. ಬಿದ್ದು ಸೊಂಟದ ಮೂಳೆ ಮುರಿದಿತ್ತು. ಆಪರೇಷನ್ ಆಯಿತು. ಆಮೇಲೆ ಆಕೆ ಎದ್ದು ನಡೆಯಲಿಲ್ಲ.

ಇಷ್ಟರ ಮೇಲೆ ನನಗೆ ಸನ್ಮಾನ ಆಯಿತು. ಬಸ್ ಸ್ಟ್ಯಾಂಡಿನ ಸುಳಿವು ಕೊಟ್ಟದ್ದು ನಾನು, ಈ ವಯಸ್ಸಿನಲ್ಲಿ ಓಡಿದ್ದು ನಾನು ಅಂತ ಕಮಿಟಿಯವರು ಕೊನೆಯ ದಿನ ವೇದಿಕೆಗೆ ಕರೆದು ಹಾರ ಹಾಕಿ ಶಾಲು ಹೊದಿಸಿದರು. ಬೇಡ ಅಂದೆ. ಸಂಕೋಚದ ಮನುಷ್ಯ ಅಂತ ಮೈಕಿನಲ್ಲಿ ಅದಕ್ಕೂ ಹೊಗಳಿದರು. ಶಾಲು ಹೊದ್ದು ಮನೆಗೆ ಬಂದಾಗ ಹೆಂಡತಿ ನನ್ನ ಮುಖ ನೋಡದೆ ಕೇಳಿದಳು.

"ಇದನ್ನ ಎಲ್ಲಿಡ್ಲಿ? ಕಟಿಂಗ್ ಪ್ಲೇಯರು, ಟೇಪು ಇಡೋ ಡಬ್ಬಿ ಪಕ್ಕ ಇಡ್ಲಾ?"

ಅವಳು ಕಿಟಕಿಯಿಂದ ಎಲ್ಲಾ ನೋಡಿದ್ದಳು. ಆಮೇಲೆ ಆ ಮಾತು ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಮುಂದೆ ನಾಲ್ಕು ವರ್ಷ ಅಂಗಡಿಯವಳ ಗಂಡ ಒಬ್ಬನೇ ಬಂದು ಅಂಗಡಿ ಹಾಕಿದ. ಅವನ ಹೆಂಡತಿ ಅಮ್ಮನನ್ನು ಬಿಟ್ಟು ಬರುವ ಹಾಗಿರಲಿಲ್ಲ. ಪ್ರತಿವರ್ಷ ಅವನು ಪುರಿಯ ಚೀಲ ಇಟ್ಟು, "ನಿಮ್ಮ ಉಪಕಾರ ಮರೆಯಕ್ಕಾಗಲ್ಲ ಅಂತ ಹೇಳು ಅಂದವ್ಳೆ" ಅನ್ನುತ್ತಿದ್ದ. ಆ ಪುರಿ ನಾನು ತಿನ್ನುತ್ತಿರಲಿಲ್ಲ. ಮೊಮ್ಮಕ್ಕಳಿಗೆ ಕೊಟ್ಟುಬಿಡುತ್ತಿದ್ದೆ.

ಈ ವರ್ಷ ಜಾಗ ಹಿಡಿಯಲು ಅವನು ಮೊದಲೇ ಬಂದಿದ್ದ. ಜಗುಲಿಯಲ್ಲಿ ಕಾಫಿ ಕುಡಿಯುತ್ತಾ, ಯಾರಿಗೂ ಅಲ್ಲ ಎಂಬಂತೆ ಹೇಳಿದ. ಹಾಸನದ ಅಣ್ಣ ತಂಗಿಯ ಜೊತೆ ಐದು ವರ್ಷದಿಂದ ಮಾತು ಬಿಟ್ಟಿದ್ದಾನೆ. ವ್ಯಾಪಾರದ ಮೇಲೆ ಕಣ್ಣಿಟ್ಟು ಹೆತ್ತವಳನ್ನು ಬೀದಿಗೆ ಬಿಟ್ಟಳು ಅಂತ ನೆಂಟರಿಗೆಲ್ಲಾ ಹೇಳಿದ್ದಾನೆ. ಹೋದ ತಿಂಗಳು ಅವನ ಮಗಳ ಮದುವೆಗೂ ಇವಳನ್ನು ಕರೆಯಲಿಲ್ಲ.

"ಅವತ್ತಿಂದ ಊಟಕ್ಕೆ ಕೂತಿಲ್ಲ ಸರಿಯಾಗಿ. ಅಣ್ಣ ಹೇಳೋದ್ರಲ್ಲಿ ತಪ್ಪೇನೈತೆ ಅಂತಾಳೆ" ಅಂದ.

ಅವನು ಹೋದ ಮೇಲೆ ಹೆಂಡತಿ ಲೋಟ ಎತ್ತಿಕೊಳ್ಳುತ್ತಾ, "ಮಾದಿಹಳ್ಳಿಗೆ ಬೆಳಿಗ್ಗೆ ಬಸ್ಸೈತೆ" ಅಂದಳು. ಅಷ್ಟೇ ಅಂದಳು.

ಶಾಲನ್ನು ಚೀಲಕ್ಕೆ ಹಾಕಿಕೊಂಡು ಹೋದೆ. ಅಂಗಡಿಯವಳು ಅಮ್ಮನಿಗೆ ಗಂಜಿ ಕುಡಿಸುತ್ತಿದ್ದಳು. ಐದು ವರ್ಷದಲ್ಲಿ ತಲೆ ಪೂರ್ತಿ ಬೆಳ್ಳಗಾಗಿತ್ತು. "ಅಯ್ಯೋ ಅಣ್ಣಾ! ನೀವು ಬರೋದಾ? ಹೇಳಿ ಕಳಿಸಿದ್ರೆ ನಾನೇ ಬತ್ತಿದ್ದೆ" ಅಂತ ಚಾಪೆ ಹಾಸಿದಳು. ಮಂಚದ ಮೇಲಿದ್ದ ಅಜ್ಜಿಗೆ, "ಅವ್ವಾ, ನಿನ್ನ ಹುಡುಕಿಕೊಟ್ಟೋರು ಬಂದವ್ರೆ" ಅಂದಳು. ಅಜ್ಜಿ ನನ್ನನ್ನು ನೋಡಿ, ಎಮ್ಮೆ ಕಟ್ಟಿದೆಯಾ ಅಂತ ಕೇಳಿದಳು.

ಕೂರದೆ ನಿಂತುಕೊಂಡೇ ಎಲ್ಲಾ ಹೇಳಿದೆ. ಮಧ್ಯಾಹ್ನದ ನಿದ್ದೆ, ಸ್ಟೂಲು, ಟೇಪು, ಮೈಕ್‌ಸೆಟ್‌ನವನಿಗೆ ಹೇಳಿದ ಸುಳ್ಳು, ನಾನೇ ಕೈ ತೋರಿಸಿದ ದಾರಿ. ಆಕೆ ಗಂಜಿಯ ಚಮಚ ಹಿಡಿದುಕೊಂಡೇ ಇದ್ದಳು. ಮುಗಿದ ಮೇಲೆ ಅಮ್ಮನ ಬಾಯಿ ಒರೆಸಿದಳು. ಬಟ್ಟಲು ಒಳಗಿಟ್ಟು ಬಂದಳು.

"ಐದು ವರ್ಷ" ಅಂದಳು. "ವೈರು ಬಿಚ್ಚಿದ್ದು ಬಿಡಿ, ಕೋಪದಲ್ಲಿ ಬಿಚ್ಚಿದ್ರಿ. ಅವ್ವ ಸಿಕ್ಕಿದ ದಿನ ಹೇಳ್ಬೋದಿತ್ತಲ್ಲ. ನನ್ನೊಬ್ಬಳನ್ನೇ ಎಲ್ರೂ ಅಂತಿದ್ದಾಗ ನೀವು ಶಾಲು ಹೊದ್ದು ಕೂತಿದ್ರಿ."

ಚೀಲದಿಂದ ಶಾಲು ತೆಗೆದೆ.

"ಅದನ್ನ ತಗೊಂಡು ನಾನೇನ್ಮಾಡ್ಲಿ? ವಾಪಸ್ ಇಟ್ಕಳಿ." ನಂಬರು ನೋಡಲು ತನ್ನ ಫೋನು ತಂದಳು. "ನಮ್ಮಣ್ಣ ನನ್ನ ನಂಬರು ಎತ್ತಲ್ಲ. ನಿಮ್ಮ ಫೋನಿಂದ ಮಾಡಿ. ಸ್ಪೀಕರ್ ಹಾಕಿ. ಇವಾಗ ನಂಗೇಳಿದ್ರಲ್ಲ, ಅದನ್ನೇ ಹೇಳಿ. ಒಂದಕ್ಷರ ಬಿಡಬ್ಯಾಡಿ."

ಆಕೆ ನಂಬರು ಓದಿದಳು, ನಾನು ಒತ್ತಿದೆ. ಅವಳ ಅಣ್ಣ ಎತ್ತಿದ. ಹೆಂಡತಿಗೂ ಬಾಯಿಬಿಟ್ಟು ಹೇಳದಿದ್ದನ್ನು ಮುಖ ಕಾಣದ ಆ ಮನುಷ್ಯನಿಗೆ ಎರಡನೇ ಸಲ ಹೇಳಿದೆ. ಎರಡನೇ ಸಲ ಹೇಳುವುದು ಇನ್ನೂ ಕಷ್ಟ. ಎಲ್ಲಿ ನೋವಾಗುತ್ತದೆ ಅಂತ ಮೊದಲೇ ಗೊತ್ತಿರುತ್ತದೆ. ಅವನು ಪೂರ್ತಿ ಕೇಳಿದ. ಕೊನೆಗೆ, "ನಿಮಗೆ ಮಕ್ಕಳವ್ರಾ?" ಅಂದ. ಹೌದು ಅಂದೆ. "ಅವರಿಗೂ ಹೇಳಿ" ಅಂದ. ಆಮೇಲೆ ದನಿ ಇಳಿಸಿ, "ಅವಳು ಅಲ್ಲೇ ಅವಳಾ?" ಅಂತ ಕೇಳಿದ.

ಆಕೆ ಫೋನನ್ನು ನನ್ನ ಕೈಯಿಂದ ಕಿತ್ತುಕೊಂಡು, ಸ್ಪೀಕರ್ ಆರಿಸಿ, ಹಿತ್ತಿಲ ಕಡೆ ಹೋದಳು. ನಾನು ಅಜ್ಜಿಯ ಹತ್ತಿರ ಕೂತೆ. ಬಹಳ ಹೊತ್ತು ಹಿತ್ತಿಲಿನಿಂದ ಮಾತು, ಅಳು, ಮತ್ತೆ ಮಾತು ಕೇಳಿಸಿತು. ಫೋನು ವಾಪಸು ಕೊಡುವಾಗ ಮುಖ ತೊಳೆದುಕೊಂಡಿದ್ದಳು.

"ಭಾನುವಾರ ಬತ್ತಾನಂತೆ" ಅಂದಳು. ನನ್ನನ್ನು ಅಣ್ಣ ಅನ್ನಲಿಲ್ಲ. ನಾನು ಮೆಟ್ಟಿಲು ಇಳಿಯುವಾಗ ಹಿಂದಿನಿಂದ ಹೇಳಿದಳು: "ಈ ಸಲದಿಂದ ಅಂಗಡಿ ನಿಮ್ಮನೆ ಮುಂದೆ ಹಾಕಲ್ಲ."

ಹಾಕಲಿಲ್ಲ. ಈಗ ಪುರಿ ಅಂಗಡಿ ಆರು ಮನೆ ಆಚೆ ಇದೆ. ಹತ್ತು ದಿನ ಅಣ್ಣ ಅಮ್ಮನನ್ನು ನೋಡಿಕೊಳ್ಳುತ್ತಿದ್ದಾನೆ ಅಂತ ಆಕೆಯೂ ಬಂದಿದ್ದಾಳೆ. ಅಷ್ಟು ಸುದ್ದಿ ಹೆಂಡತಿ ತಂದಳು; ದಿನಾ ಬೆಳಿಗ್ಗೆ ಒಂದು ಬಿಂದಿಗೆ ನೀರು ಅಲ್ಲಿಗೆ ಕೊಟ್ಟುಬರುತ್ತಾಳೆ. ನಾನು ಆ ಕಡೆ ಹೋಗುವುದಿಲ್ಲ. ನಮ್ಮ ಮುಂದೆ ಬಲೂನಿಗೆ ಬಂದೂಕು ಹೊಡೆಸುವವನು ಬಂದಿದ್ದಾನೆ, ಬೆಳಗಿನಿಂದ ಢಂ ಢಂ.

ಮಕ್ಕಳಿಗೆ ಬಾಯಲ್ಲಿ ಹೇಳಲು ಆಗಲಿಲ್ಲ. ಅದಕ್ಕೆ ಇದನ್ನು ಬರೆದಿದ್ದೇನೆ. ಮೈಕ್‌ಸೆಟ್‌ನವನಿಗೆ ನಿನ್ನೆ ಹೇಳಿದೆ. ಅವನು ನಮ್ಮ ಜಾಯಿಂಟನ್ನು ತಾನೇ ಬಿಚ್ಚಿ, ಹೊಸದಾಗಿ ಹೊಸೆದು, ಹೊಸ ಟೇಪು ಸುತ್ತಿ ಹೋದ. ಈಗ ಮಧ್ಯಾಹ್ನ ಮೂರು ಗಂಟೆ. ಹಾರ್ನು ಕೂಗುತ್ತಿದೆ. ಹಾಡಿನ ನಡುವೆ ಮಾತು ಬಂದಾಗಲೆಲ್ಲಾ ಪೆನ್ನು ಇಟ್ಟು ಕೇಳುತ್ತೇನೆ, ಆಮೇಲೆ ಎದ್ದು ಹಿತ್ತಿಲ ಬಾಗಿಲು ತೆಗೆದು ಓಣಿ ನೋಡಿ ಬರುತ್ತೇನೆ.